ಹಳೇ ಕಂಪ್ಯೂಟರ್ ಒಳಗೆ ಸಿಕ್ಕಿಕೊಂಡ ಕನ್ನಡ

ಸಂಪಿಗೆ ಗೊತ್ತಲ್ಲ? ತುರುವೇಕೆರೆ ತಾಲ್ಲೂಕು. ಬೆಂಗಳೂರಿಂದ ಅರಸೀಕೆರೆ ಕಡೆ ರೈಲಲ್ಲಿ ಹೋದವರು ನಿಟ್ಟೂರು ದಾಟಿದ ಮೇಲೆ ‘ಸಂಪಿಗೆ ರೋಡ್’ ಅನ್ನೋ ಬೋರ್ಡು ನೋಡಿರ್ತೀರಿ. ಆ ಊರಿನವರೊಬ್ಬರು ತುರುವೇಕೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಮದುವೆ ಕಾರ್ಡು, ಜಾತ್ರೆ ಕರಪತ್ರ, ತಿಥಿ ಕಾಗದ, ಪತ್ರಬರಹಗಾರರು ತಂದುಕೊಡೋ ಕ್ರಯಪತ್ರ, ವಿಭಾಗಪತ್ರ ಎಲ್ಲವೂ ಅಲ್ಲೇ ಟೈಪ್ ಆಗಬೇಕು. ಹೋದ ಸಲ ಆ ಕಡೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದರು.

“ಸಾರ್, ದಿನಾ ರಾತ್ರಿ ದೇಶಕ್ಕೆಲ್ಲ ಬುದ್ಧಿ ಹೇಳ್ತೀರ. ನನ್ನ ಕಂಪ್ಯೂಟರ್‌ಗೊಂದು ದಾರಿ ಹೇಳಿ. ಹೊಸ ವಿಂಡೋಸ್ ಹಾಕಿಸ್ಲಾ, ಬೇಡ್ವಾ?”

ಇದೇನು ಪ್ರಶ್ನೆ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅಂಗಡಿಯಲ್ಲಿ ಓಡ್ತಿರೋದು ವಿಂಡೋಸ್ ಎಕ್ಸ್‌ಪಿ! ಅದು ಬಿಡುಗಡೆಯಾಗಿದ್ದು 2001ರ ಅಕ್ಟೋಬರ್ 25ಕ್ಕೆ. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಆಮೇಲೆ ಬಂದ ವಿಂಡೋಸ್ 7ರ ಕಾಲ 2020ರ ಜನವರಿಗೆ ಮುಗೀತು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಇವರ ಕಂಪ್ಯೂಟರ್ ಮಾತ್ರ ಎರಡು ತಲೆಮಾರು ಹಿಂದೆ ಕೂತು ಮದುವೆ ಕಾರ್ಡು ಪ್ರಿಂಟ್ ಹಾಕ್ತಾ ಇದೆ. “ಯಾಕ್ರೀ ಇನ್ನೂ ಇದನ್ನೇ ಇಟ್ಕೊಂಡಿದ್ದೀರಿ?” ಅಂದೆ. “ಸಾರ್, ಇದನ್ನು ಬಿಟ್ರೆ ನನ್ನ ಕನ್ನಡ ಹೋಯ್ತದೆ” ಅಂದರು.

ಆ ಮಾತು ಜಿಪುಣತನದ್ದಲ್ಲ. ಅದರ ಹಿಂದೆ ಮೂವತ್ತು ವರ್ಷದ ಕಥೆ ಇದೆ. ವಿಂಡೋಸ್ 95, 98ರ ಕಾಲದಲ್ಲಿ ಕಂಪ್ಯೂಟರ್‌ಗೆ ಕನ್ನಡ ಅನ್ನೋ ಭಾಷೆ ಇದೆ ಅಂತಲೇ ಗೊತ್ತಿರಲಿಲ್ಲ. ಅದರ ಹತ್ತಿರ ಇದ್ದಿದ್ದು ಸುಮಾರು ಇನ್ನೂರೈವತ್ತು ಕೋಣೆಗಳ ಒಂದು ಮನೆ. ಅದರ ತುಂಬ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ನಮ್ಮವರು ಏನು ಮಾಡಿದರು? ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಅಂತ ತುಂಡು ಮಾಡಿ, ಆ ಕೋಣೆಗಳಲ್ಲಿ ಬಾಡಿಗೆಗೆ ಇಟ್ಟರು. ಪರದೆ ಮೇಲೆ ಕನ್ನಡ ಕಾಣ್ತಿತ್ತು, ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷೇ ಆಗಿತ್ತು. ‘ನುಡಿ’ಯ ಹಳೇ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಇಂಗ್ಲಿಷಿನ ಪಿ ಬರುತ್ತೆ, ತಲೆ ಮೇಲೆ ಗೀಟಿರೋ ಎ ಬರುತ್ತೆ, ಆಮೇಲೆ ಪೌಂಡ್ ಗುರುತು! ನಮ್ಮ ‘ನ’ಕಾರ ಕೂತಿದ್ದು ಇಂಗ್ಲೆಂಡಿನ ದುಡ್ಡಿನ ಜಾಗದಲ್ಲಿ.

ನಗಬೇಡಿ. ಅದು ಆ ಕಾಲದ ಸಾಹಸ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನಿಂದ ‘ನುಡಿ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಸರ್ಕಾರದ ಶಿಷ್ಟತೆಗೇ ಆಧಾರವಾಯ್ತು. ಪೂರ್ಣಚಂದ್ರ ತೇಜಸ್ವಿಯವರಂಥ ಸಾಹಿತಿ ಕಥೆ ಬರೆಯೋದರ ಜೊತೆಗೆ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಬೆನ್ನು ಬಿದ್ದರು. ಇವರೆಲ್ಲ ಇಲ್ಲದೇ ಹೋಗಿದ್ದರೆ ತಾಲ್ಲೂಕು ಕೇಂದ್ರಗಳಲ್ಲಿ ಡಿಟಿಪಿ ಅಂಗಡಿಯೇ ಹುಟ್ಟುತ್ತಿರಲಿಲ್ಲ.

ತಮಾಷೆ ಏನು ಗೊತ್ತಾ? ಆ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬರೋ ಬಾಗಿಲು ತೆರೆದಿದ್ದೂ ಇದೇ ಎಕ್ಸ್‌ಪಿ. ಜಗತ್ತಿನ ಎಲ್ಲ ಲಿಪಿಗೂ ಸ್ವಂತ ಜಾಗ ಕೊಡೋ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಇಟ್ಟಿತ್ತು. ಆದರೆ ವಿಂಡೋಸ್ 2000ದಲ್ಲಿ ಹಿಂದಿಗೆ, ತಮಿಳಿಗೆ ಸಿಕ್ಕಿದ್ದು ಕನ್ನಡಕ್ಕೆ ಸಿಗಲಿಲ್ಲ. ಎಕ್ಸ್‌ಪಿ ಬಂದಾಗ ನಮ್ಮ ನದಿಯ ಹೆಸರಿನ ‘ತುಂಗಾ’ ಫಾಂಟ್ ಜೊತೆಗೆ ಬಂತು. ಅಂದರೆ ಸಂಪಿಗೆಯವರ ಆ ಡಬ್ಬದೊಳಗೆ ಸ್ವಂತ ಮನೆಯ ಬೀಗದ ಕೈ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಬಿದ್ದಿದೆ. ಯಾರೂ ತಿರುಗಿಸಲಿಲ್ಲ, ಅಷ್ಟೇ.

ಯಾಕೆ ತಿರುಗಿಸಲಿಲ್ಲ? ಪೇಜ್‌ಮೇಕರ್. ಅದರ ಕೊನೇ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರೋಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸೋಕೆ ಕಲಿತಿದ್ದು 2012ರ ಸಿಎಸ್6ರಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಹಳೇ ಫಾಂಟು, ಪೇಜ್‌ಮೇಕರ್, ಎಕ್ಸ್‌ಪಿ ಮೂರೂ ಒಂದಕ್ಕೊಂದು ಬೇರು ಬಿಟ್ಟಿದ್ದವು. ಒಂದನ್ನು ಕಿತ್ತರೆ ಮೂರೂ ಮೇಲೇಳುತ್ತೆ ಅನ್ನೋ ಭಯ.

ಹಾಗಾದರೆ ಹಳೇದನ್ನೇ ಇಟ್ಟುಕೊಂಡರೆ ಏನು ನಷ್ಟ? 2017ರ ಮೇ 12 ನೆನಪಿಸಿಕೊಳ್ಳಿ. ವಾನಾಕ್ರೈ ದಾಳಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಪರದೆ ಕೆಂಪಾಯ್ತು, ಆಪರೇಷನ್‌ಗಳು ಮುಂದಕ್ಕೆ ಹೋದವು. ಮೈಕ್ರೋಸಾಫ್ಟ್ ತಾನೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ತುರ್ತಾಗಿ ಪ್ಯಾಚ್ ಕೊಡಬೇಕಾಯ್ತು. ಹೆಚ್ಚು ಸಿಕ್ಕಿಬಿದ್ದಿದ್ದು ಎಕ್ಸ್‌ಪಿ ಅಲ್ಲ, ಪ್ಯಾಚ್ ಹಾಕದೆ ಬಿಟ್ಟಿದ್ದ ವಿಂಡೋಸ್ 7 ಅನ್ನೋದನ್ನೂ ಹೇಳಿಬಿಡ್ತೀನಿ. ನಮ್ಮ ಚಾನೆಲ್‌ಗಳು ಅವತ್ತು ಅದನ್ನು ಹೇಳಲಿಲ್ಲ. ಮರುವರ್ಷ, 2018ರ ಜೂನ್‌ನಲ್ಲಿ, ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ಗಡುವು ಕೊಟ್ಟಿತು: ಒಂದು ವರ್ಷದೊಳಗೆ ಎಟಿಎಂಗಳಿಂದ ಹಳೇ ವಿಂಡೋಸ್ ಹೋಗಬೇಕು. ದುಡ್ಡು ಕೊಡೋ ಪೆಟ್ಟಿಗೆಯೂ ಎಕ್ಸ್‌ಪಿ ಮೇಲೆ ಓಡ್ತಿದ್ದ ದೇಶ ಸ್ವಾಮಿ ಇದು.

ಡಿಟಿಪಿ ಅಂಗಡಿಗೆ ಅಂಥ ಗಡುವು ಕೊಡೋರು ಯಾರೂ ಇಲ್ಲ. ಆದರೆ ಅಲ್ಲಿರೋದೇನು ಸಣ್ಣದಾ? ತೋಟ ಭಾಗ ಮಾಡಿಕೊಂಡ ಅಣ್ಣತಮ್ಮಂದಿರ ಕರಡು, ಸರ್ವೆ ನಂಬರು, ಚೆಕ್ಕುಬಂದಿ, ಯಾವ ಬದಿಗೆ ಎಷ್ಟು ತೆಂಗಿನ ಮರ. ಕಾಯಿಯನ್ನು ಅಟ್ಟದ ಮೇಲೆ ಒಂದು ವರ್ಷ ಮರೆತುಬಿಟ್ಟರೆ ಉಂಡೆ ಕೊಬ್ಬರಿ ಆಗುತ್ತೆ. ಹಾರ್ಡ್ ಡಿಸ್ಕನ್ನು ಮರೆತರೆ ಆಗೋದು ತುಕ್ಕು ಮಾತ್ರ.

ಇಲ್ಲೇ ನಮ್ಮ ರಾಜ್ಯದ ಒಂದು ದೊಡ್ಡ ಉದಾಹರಣೆ ಇದೆ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬಂದ ‘ಭೂಮಿ’ ಯೋಜನೆ. ಕೈಬರಹದ ಪಹಣಿಗಳು, ಸುಮಾರು ಎರಡು ಕೋಟಿ, ಕಂಪ್ಯೂಟರ್‌ಗೆ ಹತ್ತಿದವು. ಹದಿನೈದು ರೂಪಾಯಿಗೆ ಪಹಣಿ ಕೈಗೆ ಬಂತು. ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯೋದಿಲ್ಲ ಅಂತ ಸರ್ಕಾರ ಖಡಾಖಂಡಿತವಾಗಿ ಹೇಳಿತು. ಎಲ್ಲರಿಗೂ ನೆನಪಿರೋದು ಆ ಬೀಗ ಹಾಕಿದ್ದು. ಅದಕ್ಕಿಂತ ಮುಂಚೆ ಹತ್ತಿಸಿದ ದಾಖಲೆಯನ್ನು ಪ್ರಿಂಟ್ ತೆಗೆದು, ಗ್ರಾಮ ಲೆಕ್ಕಿಗರು ಮೂಲ ಪುಸ್ತಕದ ಜೊತೆ ತಾಳೆ ನೋಡಿದ್ದರು ಅನ್ನೋದು ಮರೆತೇಹೋಗಿದೆ. ಆದರೂ ತಪ್ಪುಗಳು ಉಳಿದವು, ತಿದ್ದುಪಡಿಗೆ ಅಲೆದವರು ಇವತ್ತಿಗೂ ಇದ್ದಾರೆ. ತಾಳೆ ನೋಡದೆ ಬೀಗ ಹಾಕಿದ್ದರೆ ಏನಾಗ್ತಿತ್ತು ಯೋಚನೆ ಮಾಡಿ.

ಅದಕ್ಕೇ ನಾನು ಅವರಿಗೆ ಹೇಳಿದ್ದು ವಿಂಡೋಸ್ ವಿಷಯ ಅಲ್ಲ. “ತೋಟದಲ್ಲಿ ಮುದಿ ತೆಂಗು ಇದ್ರೆ ಏನು ಮಾಡ್ತೀರ?” ಅಂತ ಕೇಳಿದೆ.

“ಮಧ್ಯದಲ್ಲಿ ಸಸಿ ಇಡ್ತೀವಿ. ಅದು ಫಲಕ್ಕೆ ಬರೋವರ್ಗೂ ಹಳೇ ಮರ ಕಡಿಯಲ್ಲ.”

“ಇಲ್ಲೂ ಅಷ್ಟೇ ಮಾಡಿ. ಪಕ್ಕದಲ್ಲಿ ಇನ್ನೊಂದು ಮಿಷನ್ ಇಡಿ. ಹಳೇದರ ಇಂಟರ್‌ನೆಟ್ ವೈರು ಇವತ್ತೇ ಕೀಳಿ. ಇವತ್ತಿಂದ ಹೊಸ ಕೆಲಸ ಯೂನಿಕೋಡಲ್ಲಿ.”

“ಹಳೇ ಫೈಲು?”

ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅಲ್ಲೇ ಕೂತು ಒಂದು ವಿಭಾಗಪತ್ರ ತಿರುಗಿಸಿ ನೋಡಿದೆವು. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಭೇಷ್ ಅಂದೆ. ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಎರಡು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು, ಒಂದು ಹೆಸರಿನ ದೀರ್ಘ ಬಿದ್ದುಹೋಗಿತ್ತು. ಆಸ್ತಿ ಪತ್ರದಲ್ಲಿ ಹೆಸರಿನ ದೀರ್ಘ ಬಿದ್ದರೆ ಮನುಷ್ಯನೇ ಬೇರೆ ಆಗಿಬಿಡ್ತಾನೆ!

ಈಗ ಅವರ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಅಕ್ಕಪಕ್ಕ ಇವೆ. ಪತ್ರಗಳ ಫೈಲು ಮೊದಲು, ಮದುವೆ ಕಾರ್ಡು ಕೊನೆಗೆ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅವರ ಮಗಳು ಹಳೇ ಪರದೆ ನೋಡಿ ಓದ್ತಾಳೆ, ಅವರು ಹೊಸ ಪರದೆ ನೋಡಿ ಹೂಂಗುಡ್ತಾರೆ. ಹೋದ ವಾರ ಫೋನ್ ಮಾಡಿದ್ದೆ. 2009ರ ಫೈಲುಗಳು ನಡೀತಾ ಇವೆಯಂತೆ.