ಕಡಿಮೆ ದರ, ದುಬಾರಿ ನೀರು: ಗೌನಿಪಲ್ಲಿ ಸೀಮೆಯ ಜಲ-ವಿದ್ಯುತ್ ಕಾಮಗಾರಿಗಳ ಟೆಂಡರ್ ಪದ್ಧತಿಯ ಒಂದು ವಿವೇಚನೆ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು. ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ತೋಟದಲ್ಲಿ ಮಾವು, ಹೊಲದಲ್ಲಿ ಟೊಮೆಟೊ. ವರ್ಷವಿಡೀ ಹರಿಯುವ ಹೊಳೆ ಕೋಲಾರ ಜಿಲ್ಲೆಯಲ್ಲಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿಗಳ ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಕೆರೆಗಳೇ ಇಲ್ಲಿನ ಆಸರೆಯಾಗಿದ್ದವು. ಅವು ಬತ್ತಿದ ಮೇಲೆ ಕೊಳವೆಬಾವಿ ಬಂತು. ಸಾವಿರ ಅಡಿ, ಅದಕ್ಕೂ ಕೆಳಗೆ ಇಳಿಯಿತು. ಇಂಥ ಕಡೆ ನೀರಿನ ಕಾಮಗಾರಿ ವಿದ್ಯುತ್ ಕಾಮಗಾರಿಯೂ ಹೌದು. ಮೋಟಾರು, ಕೇಬಲ್ಲು, ಪರಿವರ್ತಕ, ಪ್ಯಾನಲ್ ಬೋರ್ಡು ಇಲ್ಲದೆ ಒಂದು ಕೊಡ ನೀರೂ ಮನೆ ಸೇರುವುದಿಲ್ಲ.

ಈ ಕಾಮಗಾರಿಗಳು ಟೆಂಡರ್ ಮೂಲಕ ಗುತ್ತಿಗೆಯಾಗುತ್ತವೆ. ಟೆಂಡರಿನಲ್ಲಿ ಹೋಲಿಸುವುದು ಕಟ್ಟುವ ವೆಚ್ಚವನ್ನು. ಊರು ಮುಂದೆ ಭರಿಸುವುದು ನಡೆಸುವ ವೆಚ್ಚವನ್ನು. ಈ ಎರಡರ ನಡುವಿನ ಬಿರುಕೇ ಕೋಲಾರ ಸೀಮೆಯ ನೀರಿನ ಯೋಜನೆಗಳು ಸೊರಗುವುದಕ್ಕೆ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ. ಬಿರುಕನ್ನು ಮುಚ್ಚಲು ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ಪೂರ್ತಿಯಾಗಿ ಬಳಸಿದರೆ ಸಾಕು.

ಕಟ್ಟುವವನನ್ನೂ ಕಾಯುವವನನ್ನೂ ಬೇರೆ ಮಾಡದ ಪದ್ಧತಿಯೊಂದು ಇದೇ ನೆಲದಲ್ಲಿತ್ತು. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲೇ ಪಾಲು ಕೊಟ್ಟ ಶಾಸನಗಳು ಈ ಸೀಮೆಯಲ್ಲಿ ಸಿಗುತ್ತವೆ. ಕಟ್ಟುಕೊಡಗೆ, ದಶವಂದ ಎಂಬ ಹೆಸರಿನ ಈ ದತ್ತಿ ಮಗನಿಗೆ, ಮೊಮ್ಮಗನಿಗೆ ಸಾಗುತ್ತಿತ್ತು. ಅದರೊಂದಿಗೆ ಏರಿ ತೂಬುಗಳ ಹೊಣೆಯೂ ಸಾಗುತ್ತಿತ್ತು. ಗಡಿಯಾಚೆ ಮದನಪಲ್ಲಿ ಸೇರಿದ್ದ ಹಳೆಯ ಕಡಪ ಜಿಲ್ಲೆಯಲ್ಲಿ ದಶಬಂಧ ಇನಾಮುಗಳು ಬ್ರಿಟಿಷರ ಕಾಲದವರೆಗೂ ಉಳಿದವು. ಆ ವ್ಯವಸ್ಥೆಯನ್ನು ಹಾಡಿಹೊಗಳುವುದು ನನ್ನ ಉದ್ದೇಶವಲ್ಲ. ಏರಿಗೆ ಮಣ್ಣು ಹೊತ್ತವರಿಗೆ ಆ ಗದ್ದೆಯಲ್ಲಿ ಪಾಲಿರಲಿಲ್ಲ. ಭೂಮಿ ಸೇರಿದ್ದು ಹಣ, ಅಧಿಕಾರ ಉಳ್ಳವರಿಗೆ. ಆದರೆ ಗುತ್ತಿಗೆಯ ದೃಷ್ಟಿಯಿಂದ ಅದರಲ್ಲೊಂದು ಗಟ್ಟಿಯಾದ ಅಂಶವಿದೆ. ಕೆರೆಯಲ್ಲಿ ನೀರು ನಿಂತರಷ್ಟೇ ಕಟ್ಟಿದವನ ಗದ್ದೆ ಬೆಳೆಯುತ್ತಿತ್ತು. ಸಂಭಾವನೆ ಫಲಕ್ಕೆ ಕಟ್ಟುಬಿದ್ದಿತ್ತು.

ಆಧುನಿಕ ಅರ್ಥದ ದೊಡ್ಡ ಗುತ್ತಿಗೆಯೂ ಕೋಲಾರಕ್ಕೆ ಬೇಗನೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಕಾವೇರಿ ವಿದ್ಯುತ್ ಯೋಜನೆಯಿಂದ 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರ ಚಿನ್ನದ ಗಣಿ ಮುಟ್ಟಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಒತ್ತಡ 35,000 ವೋಲ್ಟ್. ಮೈಸೂರಿನ ಉಪ ಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಎ. ಜೆ. ಡಿ ಲಾಟ್‌ಬಿನಿಯೇರ್ ಯೂರೋಪು, ಅಮೆರಿಕ ಸುತ್ತಿ ತಯಾರಕರೊಂದಿಗೆ ಮಾತುಕತೆ ನಡೆಸಿದ ಮೇಲೆ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದಲೂ ಟರ್ಬೈನುಗಳು ಜೂರಿಕ್‌ನ ಎಷರ್ ವಿಸ್ ಕಂಪನಿಯಿಂದಲೂ ಬಂದವು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಒಂದು ದೇಶೀ ಸಂಸ್ಥಾನ ಬ್ರಿಟನ್ನಿನ ಹೊರಗೆ ಯಂತ್ರ ಕೊಂಡದ್ದು ಸಣ್ಣ ನಿರ್ಧಾರವಲ್ಲ. ಅಷ್ಟು ದೂರದ ಸಾಗಣೆಯ ಅನುಭವ ಯಾರಿಗಿದೆ ಎಂಬುದು ಅಲ್ಲಿ ತೂಗಿದ ಮಾತು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿಗಳು ಬೇರೆ ಎರಡು. ಮೊದಲನೆಯದು, ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿ ಕಂಪನಿಗಳು ವಿದ್ಯುತ್ ಕೊಳ್ಳುವ ಒಪ್ಪಂದಕ್ಕೆ ಮೊದಲೇ ಬಂದಿದ್ದವು. ಕಟ್ಟುವ ವೆಚ್ಚದ ಜೊತೆಗೆ ಮುಂದಿನ ವರ್ಷಗಳ ಆದಾಯದ ಲೆಕ್ಕವೂ ಸರ್ಕಾರದ ಮೇಜಿನ ಮೇಲಿತ್ತು. ಎರಡನೆಯದು, ಜನರಲ್ ಎಲೆಕ್ಟ್ರಿಕ್ ಕಡೆಯಿಂದ ಬಂದ ಎಂಜಿನಿಯರ್ ಎಚ್. ಪಿ. ಗಿಬ್ಸ್ ಯಂತ್ರ ಕೂರಿಸಿ ಹೊರಟುಹೋಗಲಿಲ್ಲ. ಮುಂದೆ ಮೈಸೂರು ಸರ್ಕಾರದ ಮುಖ್ಯ ವಿದ್ಯುತ್ ಎಂಜಿನಿಯರ್ ಆದರು. ಕೂರಿಸಿದವರ ತಿಳಿವಳಿಕೆ ನಡೆಸುವವರ ಬಳಿ ಉಳಿಯಿತು.

ಈಗಿನ ವ್ಯವಸ್ಥೆಯ ಬುನಾದಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಜನರ ಬಾಯಲ್ಲಿ ಅದು ಕೆ.ಟಿ.ಪಿ.ಪಿ. ಕಾಯ್ದೆ. 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಇದು ಗುಟ್ಟಾಗಿ ಕೆಲಸ ಹಂಚುವ ರೂಢಿಗೆ ದೊಡ್ಡ ತಡೆ ಹಾಕಿತು. ಮೂಲ ನಿಯಮಗಳ ಪ್ರಕಾರ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಕೊಡಬೇಕಿತ್ತು. ಕಡಿತ ಮಾಡಿದರೆ ಮೇಲಧಿಕಾರಿ ಕಾರಣ ಬರೆದಿಡಬೇಕಿತ್ತು. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ. ಅದರಲ್ಲಿ ಅರ್ಹರಾದವರ ದರದ ಲಕೋಟೆ ಮಾತ್ರ ಆಮೇಲೆ. ಆಯ್ಕೆಯಾಗದವರಿಗೆ 16ನೇ ಪ್ರಕರಣದಡಿ ಮೇಲ್ಮನವಿಯ ಹಕ್ಕಿದೆ. ಇ-ಪ್ರೊಕ್ಯೂರ್‌ಮೆಂಟ್ ಬಂದ ಮೇಲೆ ಟೆಂಡರ್ ಪೆಟ್ಟಿಗೆಯ ಮುಂದೆ ಜನ ಕೂಡಿ ಅಡ್ಡಗಟ್ಟುವ ಕಾಲ ಮುಗಿಯಿತು. ಶ್ರೀನಿವಾಸಪುರದ ಗುತ್ತಿಗೆದಾರ ಕೂತಲ್ಲಿಂದಲೇ ಇ.ಎಂ.ಡಿ. ಎಂಬ ಮುಂಗಡ ಠೇವಣಿ ಕಟ್ಟಿ ದರ ನಮೂದಿಸಬಹುದು. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಒಟ್ಟು ಶೇ. 24.10ರಷ್ಟು ಕಾಮಗಾರಿ ಮೀಸಲಿಡುವ ತಿದ್ದುಪಡಿ ಮೊದಲು 50 ಲಕ್ಷ ರೂಪಾಯಿವರೆಗಿನ ಕೆಲಸಗಳಿಗೆ ಅನ್ವಯಿಸಿತು, 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಸಣ್ಣ ಊರುಗಳ ಹೊಸ ಗುತ್ತಿಗೆದಾರರಿಗೆ ಇದು ನಿಜವಾದ ಬಾಗಿಲು.

ಕಾಯ್ದೆಯ 4(ಜಿ) ವಿನಾಯಿತಿಯ ಬಗ್ಗೆಯೂ ಹೇಳಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸವನ್ನು ಟೆಂಡರಿನಿಂದ ಹೊರಗಿಡಬಹುದು. 1974ರಲ್ಲಿ ಭೂಸೇನಾ ನಿಗಮವಾಗಿ ಹುಟ್ಟಿದ ಈಗಿನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ ಕೆ.ಆರ್.ಐ.ಡಿ.ಎಲ್.ಗೆ ಕಾಮಗಾರಿಗಳು ಹೀಗೆ ನೇರವಾಗಿ ಹೋಗಿವೆ. ಬರಗಾಲದಲ್ಲಿ ತುರ್ತಾಗಿ ನೀರು ಕೊಡಬೇಕಾದಾಗ ವಿನಾಯಿತಿ ಬೇಕಾಗುತ್ತದೆ, ಒಪ್ಪೋಣ. ಬರವೇ ರೂಢಿಯಾದ ಜಿಲ್ಲೆಯಲ್ಲಿ ವಿನಾಯಿತಿಯೂ ರೂಢಿಯಾಗುವ ಅಪಾಯವಿದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಕಾಯ್ದೆಯ 13ನೇ ಪ್ರಕರಣ ಅಂಗೀಕರಿಸಲು ಹೇಳುವುದು ‘ಅತಿ ಕಡಿಮೆ’ ಟೆಂಡರನ್ನೇ. ಆದರೆ ಆ ಕಡಿಮೆಯನ್ನು ನಿರ್ಣಯಿಸಬೇಕಾದದ್ದು ಟೆಂಡರ್ ದಾಖಲೆಯಲ್ಲಿ ನಮೂದಿಸಿದ ವಸ್ತುನಿಷ್ಠ, ಅಳೆಯಬಹುದಾದ ಅಂಶಗಳ ಮೇಲೆ, ಅವುಗಳಿಗೆ ತೂಕ ಕೊಟ್ಟು. ವಿದ್ಯುತ್ ಬಳಕೆ ಅಳೆಯಬಹುದಾದ ಅಂಶ; ಪಂಪಿನ ದಕ್ಷತೆಯೂ ಹಾಗೆಯೇ. ಆಚರಣೆಯಲ್ಲಿ ಮಾತ್ರ ಉಳಿದಿರುವುದು ಎಲ್-1 ಎಂಬ ಅತಿ ಕಡಿಮೆ ದರ, ಅಂದರೆ ಎಸ್.ಆರ್. ಎಂಬ ಇಲಾಖೆಯ ದರಪಟ್ಟಿಗಿಂತ ಯಾರು ಎಷ್ಟು ಕೆಳಗಿಳಿದರು ಎಂಬ ಒಂದೇ ಅಂಕಿ. ಕಾಯ್ದೆ ಅಗಲವಾಗಿದೆ, ನಡಾವಳಿ ಕಿರಿದಾಗಿದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಗೌನಿಪಲ್ಲಿ ಕಡೆಯ ಸಾವಿರ ಜನರ ಒಂದು ಊರು ಎಂದಿಟ್ಟುಕೊಳ್ಳಿ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ದಿನಕ್ಕೆ 55 ಘನ ಮೀಟರ್, ವರ್ಷಕ್ಕೆ 20,075 ಘನ ಮೀಟರ್. ಒಂದು ಘನ ಮೀಟರ್ ನೀರನ್ನು 300 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 0.82 ಯೂನಿಟ್ ವಿದ್ಯುತ್ ಬೇಕು. ಮೋಟಾರು, ಪಂಪು ಸೇರಿ ದಕ್ಷತೆ ಶೇ. 60 ಇದ್ದರೆ ಅದು 1.36 ಯೂನಿಟ್ ಆಗುತ್ತದೆ, ಶೇ. 40 ಇದ್ದರೆ 2.04. ವ್ಯತ್ಯಾಸ ವರ್ಷಕ್ಕೆ ಸುಮಾರು 13,700 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 82,000 ರೂಪಾಯಿ. ಅಗ್ಗದ ಪಂಪು ಹಾಕಿ 3 ಲಕ್ಷ ಕಡಿಮೆ ದರಕ್ಕೆ ಕೆಲಸ ಹಿಡಿದವನು ಉಳಿಸಿದ ಹಣ ನಾಲ್ಕು ವರ್ಷ ಮುಗಿಯುವ ಮೊದಲೇ ಕರೆಂಟ್ ಬಿಲ್ಲಿನಲ್ಲಿ ಹೋಗಿಬಿಡುತ್ತದೆ. 15 ವರ್ಷಕ್ಕೆ ಹೆಚ್ಚುವರಿ ಬಿಲ್ಲು 12 ಲಕ್ಷ ದಾಟುತ್ತದೆ. ನಷ್ಟ ಗ್ರಾಮ ಪಂಚಾಯಿತಿಯದು. ಬಾಕಿ ಬೆಳೆದಾಗ ಜನರ ಮಾತು ಕೇಳಬೇಕಾದವನು ಊರಿಗೆ ನೀರು ಬಿಡುವ ನೀರುಗಂಟಿ.

ಪಂಪಿನ ಲೆಕ್ಕ ಎದ್ದುಕಾಣುತ್ತದೆ; ಉಳಿದವು ಮಣ್ಣಿನಡಿ ಮುಚ್ಚಿಹೋಗುತ್ತವೆ. ಶೇ. 20 ಕೆಳಗಿನ ದರಕ್ಕೆ ಕೆಲಸ ಹಿಡಿದವನು ಅದನ್ನು ಎಲ್ಲಾದರೂ ತುಂಬಿಕೊಳ್ಳಲೇಬೇಕು. ಪೈಪಿನ ದರ್ಜೆ, ಅಗೆತದ ಆಳ, ಪೈಪಿನ ಕೆಳಗೆ ಹಾಸುವ ಮರಳು, ವಾಲ್ವುಗಳ ಗುಣಮಟ್ಟ: ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆದು ಮಣ್ಣು ಮುಚ್ಚಿದ ಮೇಲೆ ಇವನ್ನು ಪರೀಕ್ಷಿಸುವುದು ಕಷ್ಟ. ಎಲ್ಲವನ್ನೂ ಗುತ್ತಿಗೆದಾರನ ದುರಾಸೆ ಎಂದು ತಳ್ಳಿಹಾಕುವುದು ಅನ್ಯಾಯ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ಅವನು ಕೈಸಾಲದ ಬಡ್ಡಿ ಕಟ್ಟುತ್ತಾನೆ. ಆ ಬಡ್ಡಿಯೂ ಕಾಮಗಾರಿಯ ಗುಣದಿಂದಲೇ ಕಳೆಯುತ್ತದೆ. ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದ ಶೇ. 40 ಕಮಿಷನ್ ಆರೋಪವನ್ನು ಪರಿಶೀಲಿಸಲು 2023ರಲ್ಲಿ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನ ದಾಸ್ ಆಯೋಗ ನೇಮಕವಾಯಿತು. ಆ ಚರ್ಚೆ ನೈತಿಕತೆಯ ಸುತ್ತಲೇ ಸುತ್ತಿತು. ಪ್ರಾಮಾಣಿಕವಾಗಿ ನಡೆದ ಟೆಂಡರೂ ತಪ್ಪು ಅಂಕಿಯನ್ನು ಹೋಲಿಸಿದರೆ ಕೆಟ್ಟ ಯೋಜನೆಯನ್ನೇ ಕೊಡುತ್ತದೆ ಎಂಬುದು ಅಲ್ಲಿ ಮರೆಯಾಯಿತು.

ದೊಡ್ಡ ಯೋಜನೆಗಳಲ್ಲಿ ಇದೇ ದೋಷ ಬೇರೆ ರೂಪದಲ್ಲಿ ಕಾಣುತ್ತದೆ. ಎತ್ತಿನಹೊಳೆ ಯೋಜನೆ 24.01 ಟಿ.ಎಂ.ಸಿ. ನೀರನ್ನು ಪಶ್ಚಿಮ ಘಟ್ಟದಿಂದ ಎತ್ತಿ ಕೋಲಾರದವರೆಗೆ ತರಲು ರೂಪಿಸಿದ್ದು. 2012ರಲ್ಲಿ ಅಂದಾಜು 8,323.50 ಕೋಟಿ ರೂಪಾಯಿ, 2014ರಲ್ಲಿ 12,912.36 ಕೋಟಿ, 2023ರ ಪರಿಷ್ಕರಣೆಯಲ್ಲಿ 23,251.66 ಕೋಟಿ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಯಿತು. ಕೋಲಾರದ ನಲ್ಲಿಗೆ ಅದು ಇನ್ನೂ ದೂರ. ಪ್ಯಾಕೇಜುಗಳಾಗಿ ಒಡೆದು ಟೆಂಡರ್ ಕರೆದಾಗ ಒಂದೊಂದು ಪ್ಯಾಕೇಜಿನ ದರ ಹೋಲಿಕೆಯಾಗುತ್ತದೆ. ಭೂಸ್ವಾಧೀನ ತಡವಾದದ್ದರ, ನಡುವಿನ ಒಂದು ಕೊಂಡಿ ಕಟ್ಟದೆ ಉಳಿದದ್ದರ ಬೆಲೆ ಯಾವ ಟೆಂಡರಿನಲ್ಲೂ ಇರುವುದಿಲ್ಲ. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ, ಕೋಲಾರ ಸೀಮೆಯ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ವೇಗವಾಗಿ ಮುಗಿಯಿತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಅಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಮುಟ್ಟಿದ ತಕರಾರು ನೀರಿನ ಗುಣದ್ದು. ಪೈಪಿನ ಉದ್ದ, ಪಂಪಿನ ಬಲಗಳನ್ನು ಅಳೆದಷ್ಟೇ ಕಟ್ಟುನಿಟ್ಟಾಗಿ ಕೆರೆ ಸೇರುವ ನೀರಿನ ಗುಣವನ್ನೂ ಅಳೆದು ಹಣ ಕೊಡುವಂತಿರಬೇಕಿತ್ತು ಎಂಬುದು ನನ್ನ ನಿಲುವು.

ಫಲಕ್ಕೆ ಹಣ ಕೊಡುವ ಮಾದರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಪಿ.ಎಂ. ಕುಸುಮ್ ಯೋಜನೆಯ ಫೀಡರ್ ಸೌರೀಕರಣದಲ್ಲಿ ಕೃಷಿ ಪಂಪ್‌ಸೆಟ್ ಮಾರ್ಗಕ್ಕೆ ಹಗಲು ವಿದ್ಯುತ್ ಕೊಡುವ ಘಟಕ ಕಟ್ಟುವವರು ಟೆಂಡರಿನಲ್ಲಿ ನಮೂದಿಸುವುದು ಯೂನಿಟ್ ದರವನ್ನು. ಒಪ್ಪಂದ 25 ವರ್ಷದ್ದು, ಕೇಂದ್ರದ ನೆರವು ಮೆಗಾವಾಟ್‌ಗೆ 1.05 ಕೋಟಿ ರೂಪಾಯಿವರೆಗೆ. ಫಲಕಗಳ ಮೇಲೆ ದೂಳು ಕೂತರೆ ನಷ್ಟ ಕಟ್ಟಿದವರದ್ದೇ. ನೀರಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕ್ ಸಾಲದಿಂದ ನಡೆದ 24 ಗಂಟೆ ನೀರು ಪ್ರಯೋಗವಿದೆ. ವಿಯೋಲಿಯಾ ಸಮೂಹದ ಸಂಸ್ಥೆಯೊಂದು ಅಲ್ಲಿ ಜಾಲವನ್ನು ಸರಿಪಡಿಸಿ ನಡೆಸುವ ಹೊಣೆ ಹೊತ್ತಿತು; 2008ರ ಹೊತ್ತಿಗೆ ಆ ವಲಯಗಳಿಗೆ ನಿರಂತರ ನೀರು ಬಂತು. ನೀರು ಖಾಸಗಿಯವರ ಕೈ ಸೇರುತ್ತದೆಂಬ ವಿರೋಧವೂ ಎದ್ದಿತು, ಅದರಲ್ಲಿ ಹುರುಳಿತ್ತು.

ಇಲ್ಲೇ ನನ್ನ ವಾದಕ್ಕೆ ಬಲವಾದ ಆಕ್ಷೇಪವಿದೆ. ನಡೆಸುವ ಹೊಣೆಯನ್ನೂ ಗುತ್ತಿಗೆಗೆ ಸೇರಿಸಿದರೆ ಊರಿನ ಸಣ್ಣ ಗುತ್ತಿಗೆದಾರ ಹೊರಗುಳಿಯುತ್ತಾನೆ. ರಾಜ್ಯದ ಕಾಮಗಾರಿ ಟೆಂಡರುಗಳ ಕೆ.ಡಬ್ಲ್ಯು.-4 ಮಾದರಿ ದಾಖಲೆಯಲ್ಲಿ ಟೆಂಡರ್ ಸಾಮರ್ಥ್ಯ ಲೆಕ್ಕಹಾಕುವಾಗ ಹಿಂದಿನ ವರ್ಷಗಳಲ್ಲಿ ಮಾಡಿದ ಗರಿಷ್ಠ ಕೆಲಸದ ಮೌಲ್ಯವನ್ನು ಅವಧಿಯಿಂದಲೂ ಒಂದೂವರೆಯಿಂದಲೂ ಗುಣಿಸಿ, ಕೈಯಲ್ಲಿರುವ ಕೆಲಸವನ್ನು ಕಳೆಯುತ್ತಾರೆ. ಆ ಸೂತ್ರವೇ ಸಾಕಷ್ಟು ಜನರನ್ನು ತಡೆಯುತ್ತದೆ. ಹಲವು ಹಳ್ಳಿಗಳನ್ನು ಒಂದೇ ಬಹುಗ್ರಾಮ ಪ್ಯಾಕೇಜಿಗೆ ಕಟ್ಟಿದರೆ ಉಳಿದವರೂ ಹೋಗುತ್ತಾರೆ. ಆಮೇಲೆ ದೊಡ್ಡ ಕಂಪನಿಯ ಕೈಕೆಳಗೆ ತುಂಡು ಗುತ್ತಿಗೆ ಹಿಡಿದು ಅದೇ ಸ್ಥಳೀಯರು ಅದೇ ಕೆಲಸವನ್ನು ಇನ್ನೂ ಕಡಿಮೆ ಹಣಕ್ಕೆ ಮಾಡುತ್ತಾರೆ. ಹೀಗಾಗಿ ನಾನು ದೊಡ್ಡ ಪ್ಯಾಕೇಜಿನ ಪರವಲ್ಲ. ಒಂದು ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ, ಐದು ವರ್ಷದ ನಿರ್ವಹಣೆ ಸೇರಿಸಿ, ಕಟ್ಟುವ ವೆಚ್ಚದ ಜೊತೆ ಖಾತರಿಪಡಿಸಿದ ವಿದ್ಯುತ್ ಬಳಕೆಯ 15 ವರ್ಷದ ಬೆಲೆ ಕೂಡಿಸಿ ಎಲ್-1 ನಿರ್ಣಯಿಸುವುದು ಸಾಧ್ಯ. ಖಾತರಿಗೆ ಮೀರಿದ ಬಳಕೆ ಮೀಟರಿನಲ್ಲಿ ಕಂಡರೆ ಆ ಮೊತ್ತ ನಿರ್ವಹಣಾ ಬಿಲ್ಲಿನಲ್ಲಿ ಕಡಿತವಾಗಬೇಕು.

ಕೊಳವೆಬಾವಿ ಬತ್ತುವ ಅಪಾಯವನ್ನು ಮಾತ್ರ ಗುತ್ತಿಗೆದಾರನ ಮೇಲೆ ಹೊರಿಸಬಾರದು. ಅಂತರ್ಜಲ ಅವನ ಕೈಯಲ್ಲಿಲ್ಲ. ಹೊರಿಸಿದರೆ ಅದರ ಬೆಲೆಯನ್ನು ದರಕ್ಕೆ ಸೇರಿಸುತ್ತಾನೆ, ಇಲ್ಲವೇ ಕೆಲಸ ಬಿಟ್ಟು ಹೋಗುತ್ತಾನೆ. ನೀರಿನ ಮಟ್ಟ ಇಳಿದಷ್ಟೂ ಪ್ರತಿ ಘನ ಮೀಟರ್‌ಗೆ ಬೇಕಾದ ವಿದ್ಯುತ್ ಏರುವುದರಿಂದ, ಖಾತರಿಯನ್ನು ಒಂದೇ ಅಂಕಿಯಾಗಿ ಬರೆಯದೆ, ಆಳಕ್ಕೆ ತಕ್ಕ ಪಟ್ಟಿಯಾಗಿ ಬರೆಯಬೇಕು: 200 ಮೀಟರಿಗೆ ಇಷ್ಟು, 250ಕ್ಕೆ ಇಷ್ಟು, 300ಕ್ಕೆ ಇಷ್ಟು. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಕೆಲಸ ಪಂಚಾಯಿತಿಯದಾಗಬೇಕು, ಅಳೆಯುವ ನೀರುಗಂಟಿಗೆ ಅದಕ್ಕೆಂದೇ ಪ್ರತ್ಯೇಕ ಭತ್ಯೆ ಅಂದಾಜು ಪಟ್ಟಿಯಲ್ಲೇ ಇರಬೇಕು.