ಸುನಾಮಿಯ ನಂತರ ಉಸಿರಾಟದ ಪಾಠ



2004ರ ಡಿಸೆಂಬರ್ 26. ಕ್ರಿಸ್ಮಸ್ ಮರುದಿನ, ಭಾನುವಾರ. ವೇಳಾಂಕಣಿಯ ಕಡಲತೀರಕ್ಕೆ ಸುನಾಮಿ ಅಪ್ಪಳಿಸಿತು. ಆರೋಗ್ಯಮಾತೆಯ ದರ್ಶನಕ್ಕೆ ಹೋಗಿದ್ದ ಎಷ್ಟೋ ಯಾತ್ರಿಕರು ಹಿಂದಿರುಗಲಿಲ್ಲ. ನಾಗಪಟ್ಟಿನಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಇಷ್ಟು ನಮ್ಮ ಕೃಷ್ಣಗಿರಿ ಕಡೆಯ ಹಿರಿಯರಿಗೆಲ್ಲ ನೆನಪಿದೆ. ಉಳಿದುಕೊಂಡವರ ಮನಸ್ಸು ಏನಾಯಿತು ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಎಂಟು ತಿಂಗಳು ಕಳೆದರೂ ನಿರಾಶ್ರಿತರ ಶಿಬಿರಗಳಲ್ಲಿ ಆಘಾತದಿಂದ ಹೊರಬರದವರು ಬಹಳ ಮಂದಿ ಇದ್ದರು. ಅಂಥ 183 ಜನರ ಜೊತೆ ಒಂದು ಅಧ್ಯಯನ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಡಾ. ಬಿ.ಎನ್. ಗಂಗಾಧರ್ ಆ ತಂಡದಲ್ಲಿದ್ದರು. ಕೆಲವರಿಗೆ ಯೋಗದಿಂದ ಬಂದ ಉಸಿರಾಟದ ಕ್ರಮ ಕಲಿಸಿದರು. ಕೆಲವರಿಗೆ ಅದರ ಜೊತೆಗೆ, ನಡೆದದ್ದನ್ನು ಹೇಳಿಕೊಳ್ಳಲು ಆಪ್ತಸಮಾಲೋಚನೆಯೂ ಸಿಕ್ಕಿತು. ಮೂರನೆಯ ಗುಂಪು ಆರು ವಾರ ಕಾಯಿತು. ಆ ಆರು ವಾರಗಳಲ್ಲಿ ಉಸಿರಾಟ ಕಲಿತವರ ಆಘಾತದ ಲಕ್ಷಣಗಳು ಬಹಳ ಇಳಿದವು, ಕಾದವರಲ್ಲಿ ಹಾಗಾಗಲಿಲ್ಲ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಚೀಟಿ ಎತ್ತಿದಂತೆ ಹಂಚದೆ, ಶಿಬಿರದ ಲೆಕ್ಕದಲ್ಲಿ ಗುಂಪು ಮಾಡಿದ್ದು ಇದರ ಕೊರತೆ. ವಿಜ್ಞಾನ ಓದಿದವರು ಇದನ್ನು ಮರೆಯಬಾರದು.

ಆಘಾತವಾದ ದೇಹ ಅಪಾಯ ಮುಗಿದರೂ ಎಚ್ಚರದಲ್ಲೇ ಇರುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ.

"ಇದು ಯೋಗ, ನಮಗೆ ಬೇಡ" ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗಾಗಿ ಇನ್ನೊಂದು ವಿಷಯ. 2001ರಲ್ಲಿ ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ಡಿ ಮತ್ತು ಜೊತೆಗಾರರು 23 ಜನರನ್ನು ಪರೀಕ್ಷಿಸಿದರು. ಲ್ಯಾಟಿನ್‌ನಲ್ಲಿ ಜಪಸರದ ನಮೋ ಮರಿಯಾ ಹೇಳುವಾಗ ಅವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಬೌದ್ಧ ಮಂತ್ರ ಹೇಳಿದಾಗಲೂ ಅಷ್ಟೇ! ನಮ್ಮ ಅಜ್ಜಿಯಂದಿರು ಸಂಜೆ ಜಪಸರ ಹಿಡಿದು ಕೂರುವುದು ನೆನಪಾಗುತ್ತದೆ, ಅಲ್ಲವೇ?

ಹಾಗೆಂದು ಮಾತ್ರೆ ಬಿಟ್ಟು ಉಸಿರಾಟವೊಂದನ್ನೇ ಹಿಡಿಯುವುದು ತಪ್ಪು. ನಿಮ್ಹಾನ್ಸ್‌ನವರೇ 2000ದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ಹೋಲಿಸಿ ನೋಡಿದ್ದರು. ವಿದ್ಯುತ್ ಚಿಕಿತ್ಸೆಯಿಂದ 93%, ಮಾತ್ರೆಯಿಂದ 73%, ಸುದರ್ಶನ ಕ್ರಿಯೆಯಿಂದ 67% ಜನ ಚೇತರಿಸಿಕೊಂಡರು. ಈಗ ಅಲ್ಲಿ ಮನೋವೈದ್ಯರ ಚಿಕಿತ್ಸೆಯ ಜೊತೆ ಯೋಗ, ಆಯುರ್ವೇದವನ್ನೂ ನೋಡುವ ವಿಭಾಗವೇ ಇದೆ.

ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆ "ನಿನಗೆ ವಿಶ್ವಾಸ ಕಡಿಮೆ" ಎನ್ನುವ ಬದಲು ಜೊತೆಗೆ ಹೋಗೋಣ. ನಿಮ್ಹಾನ್ಸ್ ಇರುವುದೇ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಹೋಗಲಾಗದಿದ್ದರೆ ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.