ಯಂತ್ರ ನೋಡಲು ಕಲಿತ ಕಥೆ

ಕಾಗಾಲದ ಗಜನಿಯ ಒಂದು ಫೋಟೋ ಇದೆ ಎಂದುಕೊಳ್ಳಿ. ಕಟ್ಟೆ ಯಾವುದು, ಉಪ್ಪುನೀರು ಯಾವುದು, ಕಗ್ಗ ಭತ್ತ ಯಾವುದು ಎಂದು ಕೇಳಿದರೆ ಊರಿನ ಮಕ್ಕಳೂ ಬೆರಳಿಟ್ಟು ತೋರಿಸುತ್ತಾರೆ. ಕಂಪ್ಯೂಟರಿಗೆ ಮಾತ್ರ ಅದು ಅಂಕಿಗಳ ರಾಶಿ. ಒಂದೊಂದು ಚುಕ್ಕೆಗೂ ಬೆಳಕೆಷ್ಟು, ಬಣ್ಣ ಯಾವುದು ಎಂಬ ಲೆಕ್ಕ ಅಷ್ಟೇ.

ಆ ರಾಶಿಯನ್ನು ಕಟ್ಟೆ, ನೀರು, ಪೈರು ಎಂದು ಪಾಲು ಮಾಡುವುದಕ್ಕೆ ಇಮೇಜ್ ಸೆಗ್ಮೆಂಟೇಶನ್ ಎನ್ನುತ್ತಾರೆ. ಅಂಚು, ಮೂಲೆಗಳಂಥ ಗುರುತುಗಳನ್ನು ಹೆಕ್ಕುವುದು ಫೀಚರ್ ಎಕ್ಸ್‌ಟ್ರಾಕ್ಷನ್.

1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೆಮರ್ ಪ್ಯಾಪರ್ಟ್ ಇದನ್ನು ಒಂದು ಬೇಸಿಗೆಯ ಕೆಲಸವಾಗಿ ಹಮ್ಮಿಕೊಂಡರು. ಚಿತ್ರದಲ್ಲಿ ವಸ್ತು ಯಾವುದು, ಹಿನ್ನೆಲೆ ಯಾವುದು ಎಂದು ಯಂತ್ರ ಬೇರ್ಪಡಿಸಬೇಕಿತ್ತು. ಬೇಸಿಗೆ ಮುಗಿಯಿತು, ಕೆಲಸ ಮುಗಿಯಲಿಲ್ಲ. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ‘ಶೇಕಿ’ ರೋಬೋಟಿನ ಕೆಲಸ ಶುರುವಾಯಿತು. ಕ್ಯಾಮೆರಾದಲ್ಲಿ ನೋಡಿಕೊಂಡು ಅದು ಕೋಣೆಗಳಲ್ಲಿ ಓಡಾಡಿತು. 1979ರಲ್ಲಿ ಜಪಾನಿನ ನೊಬುಯುಕಿ ಒತ್ಸು ಚಿತ್ರದ ಕಪ್ಪು ಭಾಗ, ಬಿಳಿ ಭಾಗಗಳ ನಡುವಿನ ಗಡಿಯನ್ನು ಲೆಕ್ಕದಿಂದಲೇ ಹುಡುಕುವ ದಾರಿ ತೋರಿದರು. 1986ರಲ್ಲಿ ಜಾನ್ ಕ್ಯಾನಿ ಅಂಚು ಗುರುತಿಸುವ ವಿಧಾನ ಕೊಟ್ಟರು.

ಈ ವಿದ್ಯೆಯ ದೊಡ್ಡ ಪರೀಕ್ಷೆಯನ್ನು ನಾವೆಲ್ಲ ಟಿವಿಯಲ್ಲೇ ನೋಡಿದ್ದೇವೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ವೇಗ ಹಿಡಿತಕ್ಕೆ ಬಾರದೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿಯಿತು. ಕೊನೆಯ ನಿಮಿಷಗಳಲ್ಲಿ ಬೆಂಗಳೂರಿನಿಂದ ಯಾರೂ ಅದನ್ನು ನಡೆಸಲಿಲ್ಲ. ನೆಲಕ್ಕೆ ಸುಮಾರು 150 ಮೀಟರ್ ಇರುವಾಗ, ಬಂಡೆ, ಹೊಂಡಗಳಿಲ್ಲದ ಜಾಗ ನೋಡಿಕೊಳ್ಳಲು ಅದರ ಬಳಿ ತನ್ನದೇ ಕ್ಯಾಮೆರಾ ಇತ್ತು. ಅದರಿಂದ ಇಳಿದ ಪ್ರಜ್ಞಾನ್ ರೋವರಿಗೆ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಇಸ್ರೋ ಆದೇಶ ಕಳುಹಿಸಿತು.

ಈಗಿನ ಯಂತ್ರಗಳು ಸಾವಿರಾರು ಚಿತ್ರ ನೋಡಿ ಕಲಿಯುತ್ತವೆ. ಆದರೆ ‘ಇದು ಬಂಡೆ, ಇದು ಪೈರು’ ಎಂದು ಆ ಚಿತ್ರಗಳ ಮೇಲೆ ಗೆರೆ ಎಳೆದು ಹೆಸರು ಬರೆಯುವವರು ಮನುಷ್ಯರೇ. ಬೆಳೆ ಸಮೀಕ್ಷೆಗೆ ರೈತರೇ ಫೋನಿನಲ್ಲಿ ಫೋಟೋ ಕೊಡುವ ಕಾಲ ಇದು. ನಾಳೆ ಆ ಫೋಟೋಗಳನ್ನು ಯಂತ್ರವೇ ಓದಿದರೆ? ಉಪ್ಪುನೀರಲ್ಲಿ ಕೆಲವು ದಿನ ಮುಳುಗಿದರೂ ಬದುಕುವ ಕಗ್ಗವನ್ನು ಅದು ಕೊಳೆತ ಬೆಳೆ ಎಂದೋ, ಬರೀ ನೀರು ಎಂದೋ ಬರೆದುಬಿಡಬಹುದು. ಕಗ್ಗದ ಗುರುತು ಗೊತ್ತಿರುವುದು ಗಜನಿಯಲ್ಲಿ ಕೆಲಸ ಮಾಡಿದವರಿಗೆ. ಗೆರೆ ಎಳೆಯುವ ಕೆಲಸಕ್ಕೆ ಅವರನ್ನೂ ಕರೆಯಿರಿ ಎಂದು ನಾವು ಈಗಲೇ ಕೇಳಬೇಕು.